ಇಂಗ್ಲಿಷ್ ಪದ ಮರೆಯೋ ಕಾಟ ಹೀಗೆ ತಪ್ಪಿತು

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವಾಗ ಕಷ್ಟದ ಇಂಗ್ಲಿಷ್ ಪದಗಳು ವಾರ ಕಳೆಯುವಷ್ಟರಲ್ಲಿ ಮರೆತು ಹೋಗುತ್ತಿದ್ದವು. ಕೈ ಹಿಡಿದದ್ದು ಲೈಟ್ನರ್ ಪದ್ಧತಿ, ಅಂದರೆ ಪದದ ಚೀಟಿಗಳನ್ನು ಡಬ್ಬಿಗಳಲ್ಲಿ ಹಂಚಿಟ್ಟು ದಿನ ಬಿಟ್ಟು ಮತ್ತೆ ಮತ್ತೆ ನೋಡುವುದು. 1970ರ ದಶಕದಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ್ದು.

ಮೂರು ಖಾಲಿ ಪೇಢಾ ಡಬ್ಬಿ ಇಟ್ಟುಕೊಂಡೆ. ನಮ್ಮೂರಲ್ಲಿ ಅವಕ್ಕೇನು ಬರ, ಅಲ್ವಾ? ರಟ್ಟಿನ ಚೀಟಿಯ ಒಂದು ಬದಿ ಪತ್ರಿಕೆಯಲ್ಲಿ ಸಿಕ್ಕ ಪೂರ್ತಿ ವಾಕ್ಯ, ಪದದ ಜಾಗ ಮಾತ್ರ ಖಾಲಿ. ಹಿಂದೆ ಆ ಪದ. ಸುಮ್ನೆ ಅರ್ಥ ಬರೆದರೆ ಬಳಸಲು ಬರುವುದಿಲ್ಲ. ಮೊದಲ ಡಬ್ಬಿ ದಿನಾ ನೋಡಬೇಕು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ನೆನಪಾದರೆ ಚೀಟಿ ಮುಂದಿನ ಡಬ್ಬಿಗೆ, ಇಲ್ಲವಾದರೆ ವಾಪಸ್ ಮೊದಲನೆಯದಕ್ಕೆ.

ಫೋನಿನಲ್ಲೇ ಚೀಟಿ ಮಾಡಿಕೊಳ್ಳುವ ಆಂಕಿ ಆ್ಯಪ್ ಇಂಥದ್ದೇ ಲೆಕ್ಕ ತಾನೇ ಇಡುತ್ತದೆ. ಫೋನ್ ಹಿಡಿದರೆ ರೀಲ್ಸ್ ನೋಡುವವರಿಗೆ ಡಬ್ಬಿಯೇ ವಾಸಿ. ಹೊಸ ಪದ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಬೇಡ, ಹಳೆ ಚೀಟಿಗಳೇ ಗುಡ್ಡೆ ಬೀಳುತ್ತವೆ.