ಮುದ್ದೆ ಊರಿನವರು ಜೋಳದ ರೊಟ್ಟಿ ತಟ್ಟುವುದು ಹೇಗೆ?

ಮಂಡ್ಯದವರೂ ವಿಜಯಪುರದವರೂ ಒಂದೇ ಪಂಕ್ತಿಯಲ್ಲಿ ಕೂತರೆ ರಾಗಿ ಹೆಚ್ಚೋ ಜೋಳ ಹೆಚ್ಚೋ ಅನ್ನುವ ಜಗಳ ಊಟ ಮುಗಿದರೂ ಮುಗಿಯುವುದಿಲ್ಲ. ಲೆಕ್ಕ ಇಷ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೋಳದಲ್ಲಿ 30 ಕೂಡ ಇಲ್ಲ. ಪ್ರೋಟೀನ್ ಜೋಳದಲ್ಲಿ ಜಾಸ್ತಿ, 10 ಗ್ರಾಂ; ರಾಗಿಯಲ್ಲಿ 7. ಪಿಷ್ಟ ಎರಡರಲ್ಲೂ 70 ಗ್ರಾಂ ಆಸುಪಾಸು. ಹಾಗಾಗಿ ಶುಗರ್ ಇರುವವರು ಮುದ್ದೆ ಎಷ್ಟು ಬೇಕಾದರೂ ನುಂಗಬಹುದು ಅನ್ನೋದು ಸುಮ್ನೆ ಮಾತು. ಮನೆಯಲ್ಲಿ ಎರಡೂ ಇರಲಿ. ಮುದ್ದೆ ತಿರುವುವುದು ನಿಮಗೆ ಬರುತ್ತದೆ, ರೊಟ್ಟಿ ತಟ್ಟಲು ಹೋಗಿ ಚೂರು ಚೂರು ಮಾಡಿಟ್ಟವರನ್ನು ಮಾತ್ರ ಬಹಳ ನೋಡಿದ್ದೇನೆ.

ಮೊದಲು ಹಿಟ್ಟು. ಬಿಳಿಜೋಳ ತಂದು ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಎರಡು ವಾರದೊಳಗೆ ಮುಗಿಸಿ. ಯಾವಾಗ ಬೀಸಿದ್ದೋ ಗೊತ್ತಿಲ್ಲದ ಪ್ಯಾಕೆಟ್ ಹಿಟ್ಟು ಬೇಡ. ಹಳತಾದರೆ ಜಿಗುಟು ಹೋಗುತ್ತದೆ, ಕಹಿಯೂ ಆಗುತ್ತದೆ.

ಆಮೇಲೆ ಎಸರು. ಎಲ್ಲರೂ ಎಡವುವುದು ಇಲ್ಲೇ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಅನ್ನುವ ಪ್ರೋಟೀನ್ ಜೋಳದಲ್ಲಿ ಇಲ್ಲ, ತಣ್ಣೀರಲ್ಲಿ ಎಷ್ಟು ನಾದಿದರೂ ಹಿಟ್ಟು ಹಿಡಿದುಕೊಳ್ಳದು. ಕುದಿನೀರು ಬಿದ್ದಾಗ ಪಿಷ್ಟ ಬೆಂದು ಅಂಟಾಗುತ್ತದಲ್ಲ, ಆ ಅಂಟೇ ರೊಟ್ಟಿಗೆ ಆಧಾರ. ಎರಡು ಲೋಟ ಹಿಟ್ಟಿನ ನಡುವೆ ಗುಂಡಿ ಮಾಡಿ, ಕೊತಕೊತ ಕುದಿಯುವ ಒಂದು ಲೋಟ ನೀರು ಸುರಿಯಿರಿ. ಬರೀ ಬಿಸಿ ಸಾಲದು, ಕುದಿಯಬೇಕು. ಸೌಟಿನ ಹಿಡಿಯಿಂದ ಕಲಸಿ ಎರಡು ನಿಮಿಷ ಬಿಡಿ. ಕೈ ತಡೆಯುವಷ್ಟು ಆರಿದ ಮೇಲೆ ಒಂದು ರೊಟ್ಟಿಗಾಗುವಷ್ಟೇ ಹಿಟ್ಟು ತೆಗೆದು, ನೀರು ಚಿಮುಕಿಸುತ್ತಾ ಅಂಗೈ ಬುಡದಿಂದ ಉಜ್ಜಿ ಉಜ್ಜಿ ನಾದಿ. ಉಂಡೆಯನ್ನು ಅದುಮಿ ನೋಡಿ, ಅಂಚು ಬಿರಿದರೆ ಇನ್ನೂ ನಾದಬೇಕು. ಗೋಧಿ ಹಿಟ್ಟು ಬೆರೆಸುವ ಉಪಾಯ ಯಾರೋ ಹೇಳಿಕೊಟ್ಟಿರುತ್ತಾರೆ, ಬೆರೆಸಬೇಡಿ, ಅದಕ್ಕಿಂತ ಚಪಾತಿನೇ ಮಾಡ್ಕೊಳ್ಳಿ.

ಒಣಹಿಟ್ಟು ಉದುರಿಸಿ, ಒಂದು ಕೈಯಲ್ಲಿ ತಟ್ಟುತ್ತಾ ಇನ್ನೊಂದರಲ್ಲಿ ಅಂಚು ಸರಿಮಾಡುತ್ತಾ ತಿರುಗಿಸಿ. ಲಟ್ಟಣಿಗೆ ಹಿಡಿದರೂ ತಪ್ಪೇನಿಲ್ಲ. ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುತ್ತಲೇ ಮಗುಚಿ ಬೇಯಿಸಿ.

ಜೊತೆಗೆ ಹೆಸರುಕಾಳೋ ಮಡಿಕೆಕಾಳೋ ಪಲ್ಯ ಇರಲೇಬೇಕು. ಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕೇ ಬೇಕಾದ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಮುದ್ದೆಗೆ ಬಸ್ಸಾರು ಇದ್ದ ಹಾಗೆ ಅಂದುಕೊಳ್ಳಿ. ಬರೀ ಉಪ್ಪಿನಕಾಯಿ ನೆಂಚಿಕೊಂಡು ಆರೋಗ್ಯ ಅಂದರೆ ಆಗಲ್ಲ.

ಮೊದಲ ದಿನ ರೊಟ್ಟಿ ಹರಿದೇ ಹರಿಯುತ್ತದೆ. ಬಿಸಾಡಬೇಡಿ. ಬಿಸಿ ಇರುವಾಗಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ತುಪ್ಪ ಬಿಟ್ಟು ಉಂಡೆ ಕಟ್ಟಿ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಮುಟಗಿ ಅಂತಾರೆ. ನೋಡೋಕೆ ಥೇಟ್ ಮುದ್ದೆನೇ, ಆದರೆ ನುಂಗಬೇಡಿ, ಅಗಿದು ತಿನ್ನಿ.