ಒಳ್ಳೆಯ ಪುಟ ತೋರಿಸಿ ಬರೆಯಲು ಕಲಿಸುವುದು ಹೇಗೆ?

ಹೈಸ್ಕೂಲಿನಲ್ಲಿ ಪ್ರಬಂಧ ಕಲಿಸುವ ರೀತಿ ಗೊತ್ತೇ ಇದೆಯಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಬೋರ್ಡಿನ ಮೇಲೆ ಬರೆದರೆ ಮುಗಿಯಿತು. ಸ್ವಲ್ಪ ಹುರುಪಿನ ಮೇಷ್ಟ್ರಾದರೆ ದೊಡ್ಡ ಲೇಖಕರ ಬರಹವೊಂದನ್ನು ಓದಿ, 'ಈಗ ನೀವೂ ಇದೇ ತರ ಬರೆಯಿರಿ' ಎನ್ನುತ್ತಾರೆ. ಕೆಲಸ ಕೆಡುವುದು ಇಲ್ಲೇ. ಲೇಖಕರು ಹಲಸಿನ ಮರದ ಬಗ್ಗೆ ಬರೆದಿದ್ದರೆ ಮಕ್ಕಳು ಹಲಸು ತೆಗೆದು ಮಾವು ಹಾಕುತ್ತಾರೆ. ಉಳಿದದ್ದೆಲ್ಲ ಹಾಗೇ ಇರುತ್ತದೆ. ಓದಿಸುವುದಕ್ಕೂ ಬರೆಸುವುದಕ್ಕೂ ನಡುವೆ ಇನ್ನೊಂದು ಹಂತ ಇದೆ. ಬಹಳ ಜನ ಅದನ್ನು ಹಾರಿಸಿಬಿಡುತ್ತಾರೆ.

ಮೊದಲು, ಪುಟ ಆರಿಸಿ

ಒಂದೇ ಪುಟ ಸಾಕು. ಇಡೀ ಕತೆ ಬೇಡ. ಅಲಂಕಾರ ತುಂಬಿದ ಗದ್ಯ ಬೇಡವೇ ಬೇಡ. ನಾನು ಮೊದಲು ಕೈ ಹಾಕುವುದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'ವಿಗೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುವ ಪುಸ್ತಕ ಅದು. ಗಿಡದ ವಿವರವೆಲ್ಲ ಮಾತುಕತೆ, ತಮಾಷೆಯ ನಡುವೆಯೇ ಬರುತ್ತದೆ. ಊರಿನ ಜನರ ಬಗ್ಗೆ ಬರೆಸಬೇಕೆಂದರೆ ಗೊರೂರರ 'ಹಳ್ಳಿಯ ಚಿತ್ರಗಳು' ತೆಗೆದುಕೊಳ್ಳಿ. ತೇಜಸ್ವಿಯವರ 'ಪರಿಸರದ ಕತೆ'ಯೂ ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ: ಅದರಲ್ಲಿ ಬರುವ 'ಕಿವಿ' ಎಂಬ ನಾಯಿಯ ಬಗ್ಗೆ ಓದಿದ ಮೇಲೆ ಅರ್ಧ ಕ್ಲಾಸಿನ ಮಕ್ಕಳ ಮನೆಯಲ್ಲಿ ದಿಢೀರನೆ ನಾಯಿ ಹುಟ್ಟಿಕೊಳ್ಳುತ್ತದೆ.

ಗೈಡುಗಳ ಮಾದರಿ ಪ್ರಬಂಧವನ್ನು ಮಾತ್ರ ತರಬೇಡಿ. 'ಮಾನವ ಸಂಘಜೀವಿ' ಎಂದು ಶುರುವಾಗುವ ಬರಹದಲ್ಲಿ ಬಿಚ್ಚಿ ನೋಡಲು ಏನೂ ಇರುವುದಿಲ್ಲ. ಮೊಬೈಲಿನ ಆ್ಯಪ್ ಬರೆದುಕೊಡುವ ಪ್ರಬಂಧವೂ ಅಷ್ಟೇ, ಕಾಗುಣಿತ ಸರಿಯಿರುತ್ತದೆ ಅನ್ನುವುದೊಂದೇ ಲಾಭ. ಕ್ಲಾಸಿಗೆಂದು ಒಂದು ಪುಟ ಜೆರಾಕ್ಸ್ ಮಾಡಲು ಹೆದರಬೇಕಾಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪಾಠದ ಬಳಕೆಗೆ ಅವಕಾಶ ಕೊಡುತ್ತದೆ. ಬರೆದವರ ಹೆಸರನ್ನು ಪುಟದ ಮೇಲೆ ಹಾಕಿ.

ಆಮೇಲೆ, ಓದಿಸಿ

ಗಟ್ಟಿಯಾಗಿ, ಎರಡು ಸಲ. ಸ್ವಾಮಿಯವರಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಇನ್ನೊಂದು ದಿನ ಹೇಳಬಹುದು.

ಈಗ, ಪುಟವನ್ನು ಬಿಚ್ಚಿ

ನಿಧಾನ ಮಾಡಬೇಕಾದ್ದು ಇಲ್ಲಿ. ಪೂರ್ತಿ ಒಂದು ಪೀರಿಯಡ್ ಹೋದರೂ ಹೋಗಲಿ. ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಟಿಪ್ಪಣಿ ಬರೆಸಿ. ವಾಕ್ಯ ಏನು ಹೇಳುತ್ತದೆ ಅಂತಲ್ಲ, ಅಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅಂತ. ಇಂಥದ್ದೊಂದು ಪ್ಯಾರಾ ಇದೆ ಅಂದುಕೊಳ್ಳಿ:

"ಶೀನಪ್ಪ ಬೆಳಿಗ್ಗೆ ಆರಕ್ಕೇ ಅಂಗಡಿ ತೆಗೆಯುತ್ತಿದ್ದ. ಗಿರಾಕಿಗಳು ಬರುತ್ತಿದ್ದದ್ದು ಒಂಬತ್ತಕ್ಕೆ. ಅಲ್ಲಿಯವರೆಗೆ ಅವನು ತಕ್ಕಡಿ ಒರೆಸುತ್ತ ಕೂರುತ್ತಿದ್ದ. ಊರಿನಲ್ಲಿ ಆ ತಕ್ಕಡಿಯ ತೂಕ ನಂಬಿದವರು ಯಾರೂ ಇರಲಿಲ್ಲ."

ಮೊದಲ ವಾಕ್ಯದ ಕೆಲಸ ಏನು ಎಂದು ಕೇಳಿದರೆ ಮಕ್ಕಳು 'ಶೀನಪ್ಪನ ಬಗ್ಗೆ ಹೇಳುತ್ತದೆ ಸಾರ್' ಎನ್ನುತ್ತಾರೆ. ಒಪ್ಪಬೇಡಿ. ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ, 'ಇದಿಲ್ಲದಿದ್ದರೆ ಏನು ಹೋಗುತ್ತದೆ?' ಎಂದು ಕೇಳಿ. ಎರಡನೆಯದನ್ನು ಮುಚ್ಚಿದರೆ ಶೀನಪ್ಪ ಬರೀ ಶ್ರಮಜೀವಿ. ನಾಲ್ಕನೆಯದನ್ನು ಮುಚ್ಚಿದರೆ ತುಂಬಾ ಶುಚಿಯ ಮನುಷ್ಯ, ಅಷ್ಟೇ. ಮೋಸಗಾರ ಅನ್ನುವ ಪದ ಎಲ್ಲೂ ಇಲ್ಲ, ಆದರೂ ಅನುಮಾನ ಬಂತು. ಹೇಗೆ ಬಂತು ಎಂದು ಅವರೇ ಹುಡುಕಲಿ. ನೀವು ಬಾಯಿ ಬಿಡಬೇಡಿ. ಕ್ಲಾಸು ಸುಮ್ನೆ ಕೂತಿದೆ ಎಂದು ಗಾಬರಿಯಾಗಿ ಉತ್ತರ ಹೇಳಿಬಿಡುವವರೇ ಜಾಸ್ತಿ.

ಕೊನೆಗೆ ಟಿಪ್ಪಣಿ ಹೀಗಿರಬೇಕು: 1. ಒಬ್ಬರ ದಿನದ ಅಭ್ಯಾಸ. 2. ಆ ಅಭ್ಯಾಸ ವಿಚಿತ್ರ ಅನ್ನಿಸುವ ಒಂದು ಸಂಗತಿ. 3. ಕೈ ಮಾಡುವ ಒಂದು ಸಣ್ಣ ಕೆಲಸ. 4. ಎಲ್ಲವನ್ನೂ ತಿರುಗಿಸುವ ಬೇರೆಯವರ ನೋಟ.

ಇದರಲ್ಲಿ ಶೀನಪ್ಪ ಇಲ್ಲ, ಅಂಗಡಿ ಇಲ್ಲ, ತಕ್ಕಡಿಯೂ ಇಲ್ಲ. ಪರೀಕ್ಷೆ ಅದೇ. ಮೂಲದ ಒಂದು ವಸ್ತು ಟಿಪ್ಪಣಿಯಲ್ಲಿ ಉಳಿದರೂ ಹುಡುಗ ನಕಲು ಹೊಡೆಯುತ್ತಾನೆ. ತಿದ್ದಿಸಿ. 'ಉಪಮೆ ಇದೆ', 'ಸುಂದರ ವರ್ಣನೆ' ಎಂದು ಬರೆದಿದ್ದರೆ ಅಳಿಸಿ. ಅದು ವ್ಯಾಕರಣದ ಪೀರಿಯಡ್ಡಿನ ಚಾಳಿ.

ಇನ್ನು, ಬರೆಸಿ

ಮೂಲದ ಹಾಳೆಗಳನ್ನು ವಾಪಸ್ ತೆಗೆದುಕೊಳ್ಳಿ. ಇದರಲ್ಲಿ ರಿಯಾಯಿತಿ ಇಲ್ಲ. ಟಿಪ್ಪಣಿ ಮಾತ್ರ ಅವರ ಬಳಿ ಇರಲಿ, ನಡುವೆ ಒಂದು ಶನಿವಾರ ಭಾನುವಾರ ಕಳೆಯಲಿ. ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ನಿನಲ್ಲಿ ಹುಡುಗನಾಗಿದ್ದಾಗ ಬರೆಯಲು ಕಲಿತದ್ದು ಹೆಚ್ಚುಕಡಿಮೆ ಹೀಗೇ. 'ಸ್ಪೆಕ್ಟೇಟರ್' ಪತ್ರಿಕೆಯ ಲೇಖನಗಳ ಪ್ರತಿ ವಾಕ್ಯಕ್ಕೂ ಸಣ್ಣ ಸುಳಿವು ಬರೆದುಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ನೋಡುತ್ತಿದ್ದ. ಅವನು ಅದೇ ವಿಷಯವನ್ನು ಮತ್ತೆ ಬರೆದ. ನಮ್ಮ ಮಕ್ಕಳಿಗೆ ವಿಷಯ ಅವರದೇ ಆಗಿರಲಿ, ಅವರು ದಿನಾ ನೋಡುವ ಯಾರಾದರೂ ಆದೀತು. ಆಗ ಇಂಥದ್ದು ಬರಬಹುದು:

"ಅಜ್ಜಿ ದಿನಾ ರಾತ್ರಿ ಮುಂಬಾಗಿಲಿಗೆ ಎರಡು ಬೀಗ ಹಾಕುತ್ತಾಳೆ. ಹಿತ್ತಲ ಬಾಗಿಲಿಗೆ ಚಿಲಕವೇ ಇಲ್ಲ. ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟು ಮತ್ತೆ ಮತ್ತೆ ಮುಟ್ಟಿ ನೋಡುತ್ತಾಳೆ. ಪಕ್ಕದ ಮನೆಯವರು ಸಕ್ಕರೆ ಕೇಳಲು ಹಿತ್ತಲಿಂದಲೇ ಬರುತ್ತಾರೆ."

ಮೂಲದ ಒಂದು ಪದವೂ ಇಲ್ಲ, ಅಲ್ವಾ? ನಡುವೆ ಯಾರಾದರೂ ಟಿಪ್ಪಣಿ ಬಿಟ್ಟು ಬೇರೆ ದಾರಿ ಹಿಡಿದರೆ ತಡೆಯಬೇಡಿ.

ತಿದ್ದುವಾಗ

ಕೆಂಪು ಪೆನ್ನು ಮೊದಲು ಕಾಗುಣಿತಕ್ಕೆ ಹೋಗದಿರಲಿ. ಚೆನ್ನಾಗಿ ಕೆಲಸ ಮಾಡಿದ ಒಂದು ವಾಕ್ಯಕ್ಕೆ ಗೆರೆ ಹಾಕಿ, ಏಕೆ ಎಂದು ಬರೆಯಿರಿ. ಆಮೇಲೆ ಮೂಲದ ಹಾಳೆ ವಾಪಸ್ ಕೊಟ್ಟು ಪಕ್ಕದಲ್ಲಿಟ್ಟು ನೋಡಲು ಹೇಳಿ. ಮುಂದಿನ ಸಲ ಬೇರೆ ಲೇಖಕರ ಪುಟ ತನ್ನಿ. ವರ್ಷವಿಡೀ ಒಬ್ಬರನ್ನೇ ಕೊಟ್ಟರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಬರೆಯತೊಡಗುತ್ತದೆ.

ಪರೀಕ್ಷೆಗೆ ಪೀಠಿಕೆ, ಉಪಸಂಹಾರ ಬೇಕಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದನ್ನು ಫೆಬ್ರುವರಿಯಲ್ಲಿ ಹೇಳಿಕೊಡಿ. ಎರಡು ಪೀರಿಯಡ್ ಸಾಕು.