ದೆವ್ವ ಮಾಡಿಸಿತು ಅಂದರೆ ಸಾಲದು

ನನ್ನ ಕಾದಂಬರಿಯ ಮೊದಲ ಕರಡು ಓದಿ ಮುಗಿಸಿದ ಗೆಳತಿ ಹೇಳಿದ್ದು ಒಂದೇ ಮಾತು: "ನಿನ್ನ ಇನ್ಸ್‌ಪೆಕ್ಟರ್ ಕಪ್ಪು ಅಂಗಿ ಹಾಕಿಕೊಂಡಿರೋ ಒಳ್ಳೆಯವನು, ಅಷ್ಟೇ."

ಸಿಟ್ಟು ಬಂತು. ರಘು ಎಂಬ ಆ ಪಾತ್ರಕ್ಕೆ ನಾನು ಏನೇನೋ ಕೊಟ್ಟಿದ್ದೆ. ಕುಡಿಯುತ್ತಾನೆ, ಕೆಟ್ಟದಾಗಿ ಬಯ್ಯುತ್ತಾನೆ, ಹೆಂಡತಿಯ ಫೋನ್ ಎತ್ತುವುದಿಲ್ಲ. ಕೊಲೆಗಾರನಿಗೆ ಒಂದು ನಾಯಿ ಕೊಟ್ಟಿದ್ದೆ, ಅದನ್ನು ಅವನು ತುಂಬಾ ಪ್ರೀತಿಸುತ್ತಾನೆ. ಇಷ್ಟಾದರೆ ಗ್ರೇ ಶೇಡ್, ಅಂದರೆ ಒಳ್ಳೆಯದು ಕೆಟ್ಟದು ಎರಡೂ ಬೆರೆತ ಬಣ್ಣ, ಬಂತು ಅಂತ ನಾನು ನಂಬಿದ್ದೆ. ವಾರ ಬಿಟ್ಟು ಮತ್ತೆ ಓದಿದಾಗ ಅವಳ ಮಾತು ಸರಿ ಅನಿಸಿತು. ರಘುವಿನ ಕುಡಿತದಿಂದ ಕಥೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಅದು ಅವನಿಗೆ ಹಚ್ಚಿದ ಮೇಕಪ್ಪು.

ಇನ್ನೂ ದೊಡ್ಡ ತಪ್ಪು ಬೇರೆ ಕಡೆ ಇತ್ತು. ಅವನು ನಿಜವಾಗಿ ಕೆಟ್ಟ ಕೆಲಸ ಮಾಡುವ ಎರಡು ಜಾಗದಲ್ಲೂ, ಸತ್ತ ಹುಡುಗಿ ಸುಮಾಳ ದೆವ್ವ ಅವನ ಮೈಮೇಲೆ ಬಂದಿರುತ್ತಿತ್ತು. ಒಬ್ಬನಿಗೆ ಹೊಡೆದದ್ದು ದೆವ್ವ. ಸುಳ್ಳು ದಾಖಲೆ ಬರೆದದ್ದೂ ದೆವ್ವ. ಹಾಗಾದರೆ ರಘು ಮಾಡಿದ್ದೇನು? ಏನೂ ಇಲ್ಲ. ಮಾಡದ ತಪ್ಪಿಗೆ ಯಾವ ಶೇಡೂ ಅಂಟುವುದಿಲ್ಲ. ಪ್ಯಾರಾನಾರ್ಮಲ್ ಕ್ರೈಂ ಥ್ರಿಲ್ಲರ್ ಬರೆಯುವವರಿಗೆ ಈ ಹಳ್ಳ ತಪ್ಪಿದ್ದಲ್ಲ, ಯಾಕೆಂದರೆ ಈ ಜಾನರ್‌ನಲ್ಲಿ ನೆಪ ತುಂಬಾ ಸುಲಭವಾಗಿ ಸಿಗುತ್ತದೆ.

ಎರಡನೇ ಕರಡಿಗೆ ಕೂರುವ ಮೊದಲು ಒಂದು ಕಾಗದದ ಮೇಲೆ ಎರಡು ಸಾಲು ಬರೆದು ಮೇಜಿನ ಮುಂದೆ ಅಂಟಿಸಿದೆ. ದೆವ್ವ ತೋರಿಸಬಹುದು, ಮಾಡಿಸುವ ಹಾಗಿಲ್ಲ. ದೆವ್ವ ಹೇಳಿದ್ದು ತಪ್ಪಾಗಿರಬಹುದು.

ಎರಡನೇ ಸಾಲು ಬಂದದ್ದು ಇತಿಹಾಸ ಓದಿದ ಮೇಲೆ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರೆಂದು ಜನರನ್ನು ವಿಚಾರಣೆ ಮಾಡಿದರಲ್ಲ, ಅಲ್ಲಿ ನ್ಯಾಯಾಲಯ ಒಂದು ವಿಚಿತ್ರ ಸಾಕ್ಷ್ಯವನ್ನು ಒಪ್ಪಿಕೊಂಡಿತ್ತು. "ಇವಳ ಛಾಯೆ ರಾತ್ರಿ ಬಂದು ನನ್ನನ್ನು ಹಿಂಸಿಸಿತು" ಅಂತ ಯಾರಾದರೂ ಹೇಳಿದರೆ ಅದೂ ಸಾಕ್ಷಿಯೇ. ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಇನ್ನೊಬ್ಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಆ ನ್ಯಾಯಾಲಯವನ್ನೇ ಮುಚ್ಚಿದ. ಮುಂದೆ ಬಂದ ನ್ಯಾಯಾಲಯ ಛಾಯೆಯ ಸಾಕ್ಷ್ಯವನ್ನು ಪಕ್ಕಕ್ಕಿಟ್ಟಿತು, ಆಗ ಹೆಚ್ಚಿನವರು ಬಿಡುಗಡೆಯಾದರು.

ಇದನ್ನು ಓದಿ ದೆವ್ವದ ಸಾಕ್ಷ್ಯ ಅಂದರೆ ಅನ್ಯಾಯ ಅಂತ ತೀರ್ಮಾನ ಮಾಡುವಷ್ಟರಲ್ಲಿ ಇನ್ನೊಂದು ಪ್ರಕರಣ ಸಿಕ್ಕಿತು. 1897ರ ಜನವರಿಯಲ್ಲಿ ಅಮೆರಿಕದ್ದೇ ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಿಯರ್ ಕೌಂಟಿಯಲ್ಲಿ ಜೋನಾ ಎಂಬ ಹೆಂಗಸು ಸತ್ತಳು. ಸಹಜ ಸಾವು ಅಂತ ಹೂಳಿದರು. ಅವಳ ತಾಯಿ ಮಾತ್ರ, ಮಗಳು ನಾಲ್ಕು ರಾತ್ರಿ ತನ್ನ ಬಳಿ ಬಂದು ಗಂಡನೇ ಕುತ್ತಿಗೆ ಮುರಿದ ಅಂತ ಹೇಳಿದಳು ಎಂದು ಹಟ ಹಿಡಿದಳು. ಸರ್ಕಾರಿ ವಕೀಲರ ಬೆನ್ನು ಬಿಡಲಿಲ್ಲ. ಕೊನೆಗೆ ಹೆಣ ತೆಗೆದು ನೋಡಿದರೆ ಕುತ್ತಿಗೆ ನಿಜವಾಗಿಯೂ ಮುರಿದಿತ್ತು. ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು. ತಮಾಷೆ ಅಂದರೆ, ಕೋರ್ಟಿನಲ್ಲಿ ದೆವ್ವದ ಮಾತೆತ್ತಿದ್ದು ಸರ್ಕಾರಿ ವಕೀಲನಲ್ಲ. ಆ ತಾಯಿಗೆ ತಲೆ ಕೆಟ್ಟಿದೆ ಅಂತ ತೋರಿಸಲು ಆರೋಪಿಯ ಕಡೆಯ ವಕೀಲನೇ ಎತ್ತಿದ, ಅದು ಅವನಿಗೇ ತಿರುಗಿಬಿತ್ತು.

ಆ ತಾಯಿ ನನ್ನ ತಲೆಯಿಂದ ಹೋಗಲೇ ಇಲ್ಲ. ಅವಳಿಗೆ ನಿಜವಾಗಿ ಮಗಳು ಕಾಣಿಸಿದಳೇ? ಅಥವಾ ಅಳಿಯನ ಮೇಲೆ ಮೊದಲೇ ಅನುಮಾನ ಇತ್ತು, ಯಾರೂ ಕೇಳಿಸಿಕೊಳ್ಳುವುದಿಲ್ಲ ಅಂತ ದೆವ್ವದ ಕಥೆ ಕಟ್ಟಿದಳೇ? ಕಟ್ಟಿದ್ದರೆ, ಸತ್ಯ ಹೊರಬರಲಿ ಅಂತ ಹೇಳಿದ ಸುಳ್ಳು ಅದು. ಅದೇ ಥರದ ಮಾತು ಸೇಲಂನಲ್ಲಿ ನಿರಪರಾಧಿಗಳ ಕುತ್ತಿಗೆಗೆ ಹಗ್ಗ ಆಗಿತ್ತು. ರಘುವಿಗೆ ಬೇಕಾಗಿದ್ದ ಜಾಗ ಇದೇ ಅಂತ ನನಗೆ ಗೊತ್ತಾಯಿತು. ಅವನಿಗೆ ಸತ್ಯ ಗೊತ್ತು, ಸಾಕ್ಷಿ ಇಲ್ಲ. ಅಥವಾ, ಸತ್ಯ ಗೊತ್ತು ಅಂತ ಅವನು ಅಂದುಕೊಂಡಿದ್ದಾನೆ.

ಹಾಗೆ ಕಥೆಯ ಬೆನ್ನೆಲುಬು ಬದಲಾಯಿತು. ಸುಮಾಳ ಹೆಣ ಎಲ್ಲಿದೆ ಅಂತ ಅವಳ ದೆವ್ವವೇ ರಘುವಿಗೆ ತೋರಿಸುತ್ತದೆ. ಮುಚ್ಚಿ ಎಷ್ಟೋ ಕಾಲವಾದ ಒಂದು ಗೋದಾಮು. ಹೋಗಿ ನೋಡುತ್ತಾನೆ, ಇದೆ. ಈಗ ಮಹಜರಿನಲ್ಲಿ ಏನು ಬರೆಯುವುದು? "ಖಚಿತ ಮಾಹಿತಿ ಮೇರೆಗೆ" ಅಂತ ಬರೆಯುತ್ತಾನೆ. ಪತ್ರಿಕೆಯಲ್ಲಿ ದಿನಾ ಓದುವ ಮೂರು ಪದ, ಅಲ್ವಾ? ನನ್ನ ಕಾದಂಬರಿಯ ಪಾಪವೆಲ್ಲ ಅಲ್ಲಿಂದ ಶುರು. ಮೇಲಧಿಕಾರಿ ಕೇಳುತ್ತಾರೆ, ಮಾಹಿತಿ ಕೊಟ್ಟವರು ಯಾರು? ರಘು ಗೋದಾಮಿನ ವಾಚ್‌ಮನ್ನನ್ನು ಕರೆಸುತ್ತಾನೆ.

"ವಾಸನೆ ಬಂತು, ಅದಕ್ಕೆ ಹೇಳಿದೆ ಅಂತ ಹೇಳು. ಅಷ್ಟೇ."

"ನನಗೆ ಯಾವ ವಾಸನೆನೂ ಬಂದಿಲ್ಲ ಸಾರ್."

"ಬಂದಿತ್ತು ಅಂತ ಅಂದ್ಕೊ. ನಿಂಗೇನು ತೊಂದರೆ ಆಗಲ್ಲ."

ತೊಂದರೆ ಆಗುತ್ತದೆ. ಅವನು ಹೆದರಿ ಹೂಂ ಅನ್ನುತ್ತಾನೆ. ಬೀಗ ಹಾಕಿದ ಗೋದಾಮಿನೊಳಗೆ ಹೆಣ ಇರುವುದು ಗೊತ್ತಿದ್ದವನೇ ಮೊದಲ ಅನುಮಾನಿತ ಆಗುತ್ತಾನೆ. ಹನ್ನೊಂದು ದಿನ ಒಳಗಿರುತ್ತಾನೆ. ರಘು ಬಾಯಿ ಬಿಟ್ಟರೆ ಅವನು ಹೊರಬರುತ್ತಾನೆ. ಆದರೆ ಏನಂತ ಬಾಯಿ ಬಿಡುವುದು?

ಈ ಭಾಗ ಬರೆಯುವಾಗ ಮೊದಲ ಸಲ ನನಗೆ ನನ್ನ ನಾಯಕನ ಮೇಲೆ ಅಸಹ್ಯ ಹುಟ್ಟಿತು. ಅವನು ಸಿಕ್ಕಿಬೀಳಬಾರದು ಅಂತಲೂ ಅನಿಸುತ್ತಿತ್ತು. ಎರಡೂ ಒಟ್ಟಿಗೆ ಬಂದಾಗ, ಹಾಂ, ಈಗ ಪಾತ್ರ ಕೂತಿತು ಅಂದುಕೊಂಡೆ.

ಮುಂದಿನ ತಿರುವಿಗೆ ನೆರವಾಗಿದ್ದು ಮನಃಶಾಸ್ತ್ರದ ಒಂದು ಹಳೇ ಪ್ರಯೋಗ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ದೃಶ್ಯ ತೋರಿಸಿದರು. ಆಮೇಲೆ ಕೇಳಿದ ಪ್ರಶ್ನೆಯಲ್ಲಿ ಒಂದೇ ಪದ ಬದಲಾಯಿಸಿದರು. ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಅಂತ ಕೆಲವರಿಗೆ, "ಅಪ್ಪಳಿಸಿದಾಗ" ಎಷ್ಟಿತ್ತು ಅಂತ ಕೆಲವರಿಗೆ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ವೇಗವನ್ನು ಜಾಸ್ತಿ ಹೇಳಿದರು. ಇಂಥದೇ ಇನ್ನೊಂದು ಸುತ್ತಿನಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು. ಇನ್ನೊಂದು ಗುಂಪಿನ 50ರಲ್ಲಿ ಹೌದು ಅಂದವರು 7 ಮಂದಿ. ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ.

ಬದುಕಿರುವವರ ನೆನಪೇ ಹೀಗಾದರೆ, ಸತ್ತವಳ ನೆನಪು? ನನ್ನ ಕಥೆಯಲ್ಲಿ ಸುಮಾ ಕೊಲೆಗಾರನ ಮುಖ ನೋಡಿಲ್ಲ, ಕೈ ಮಾತ್ರ ನೋಡಿದ್ದಾಳೆ. ರಘು ಆತುರದಲ್ಲಿ ಕೇಳುತ್ತಾನೆ, "ಬೆರಳಲ್ಲಿ ಉಂಗುರ ಇತ್ತಲ್ಲ?" ಅವನ ತಲೆಯಲ್ಲಿ ಆಗಲೇ ಉಂಗುರದ ಒಬ್ಬ ಅನುಮಾನಿತ ಇದ್ದಾನೆ. ಸುಮಾ ಸುಮ್ಮನಿದ್ದು ಆಮೇಲೆ "ಇತ್ತು" ಅನ್ನುತ್ತಾಳೆ. ಆ ರಾತ್ರಿಯಿಂದ ಅವಳು ತೋರಿಸುವ ಪ್ರತಿ ದೃಶ್ಯದಲ್ಲೂ ಉಂಗುರ ಇರುತ್ತದೆ. ನಿಜವಾದ ಕೊಲೆಗಾರ ಉಂಗುರ ಹಾಕುವವನೇ ಅಲ್ಲ. ನೂರು ಪುಟ ಅವನು ರಘುವಿನ ಎದುರಲ್ಲೇ ಓಡಾಡಿಕೊಂಡಿರುತ್ತಾನೆ. ಆ ಪ್ರಶ್ನೆಯನ್ನು ಸಾಮಾನ್ಯ ಸಾಲಿನ ಹಾಗೆ ಹುದುಗಿಸಲು ನನಗೆ ಆರು ಸಲ ತಿದ್ದಬೇಕಾಯಿತು. ಓದುಗರ ಕಣ್ಣಿಗೆ ಬೀಳಬೇಕು, ಆದರೆ ಎದ್ದು ಕಾಣಬಾರದು.

ಸುಮಾಳ ಬಗ್ಗೆಯೂ ಹೇಳಬೇಕು. ಸತ್ತವರನ್ನು ನಾವು ಬರೆಯುವವರು ದೇವರು ಮಾಡಿಬಿಡುತ್ತೇವೆ. ಮೊದಲ ಕರಡಿನ ಸುಮಾ ಬರೀ ಅಳುತ್ತಿದ್ದಳು. ಎರಡನೆಯದರಲ್ಲಿ ಅವಳಿಗೆ ಒಂದು ಗುಟ್ಟು ಕೊಟ್ಟೆ: ಬದುಕಿದ್ದಾಗ ಅವಳು ಒಬ್ಬನನ್ನು ಹೆದರಿಸಿ ದುಡ್ಡು ಕೀಳುತ್ತಿದ್ದಳು. ಅದು ಹೊರಬಂದರೆ ಅಮ್ಮನ ಮುಂದೆ ತನ್ನ ಹೆಸರು ಹಾಳಾಗುತ್ತದೆ ಅಂತ ರಘುವಿಗೂ ಹೇಳುವುದಿಲ್ಲ. ಆ ಒಂದು ಮಾತು ಹೇಳಿದ್ದರೆ ಕೇಸು ಮೂರನೇ ಅಧ್ಯಾಯಕ್ಕೇ ಮುಗಿಯುತ್ತಿತ್ತು. ವಾಚ್‌ಮನ್ ಒಳಗೆ ಕೂತಿರುವುದು ಅವಳಿಗೆ ಕಾಣುತ್ತಿದೆ, ಗೋಡೆಗಳು ಅವಳಿಗೆ ಲೆಕ್ಕಕ್ಕಿಲ್ಲವಲ್ಲ. ಆದರೂ ಬಾಯಿ ಬಿಡುವುದಿಲ್ಲ. ಸತ್ತಮೇಲೂ ಮಾನದ ಚಿಂತೆ. ನನ್ನ ಎಲ್ಲ ಪಾತ್ರಗಳಲ್ಲಿ ನನಗೆ ಹೆಚ್ಚು ಹತ್ತಿರದವಳು ಅವಳೇ.

ಸತ್ತವರ ಜೊತೆ ಮಾತಾಡುತ್ತೇನೆ ಅನ್ನುವ ಪದ್ಮಕ್ಕ ಇನ್ನೊಬ್ಬಳು. ಅವಳು ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಹೇಳುತ್ತಾಳೆ. ಅವಳ ಕಸುಬಿನ ಗುಟ್ಟು ಹೊಸದೇನಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವಿವರ ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿ ಇದೆ, ಐದಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ! ಪದ್ಮಕ್ಕನ ಮಾತೂ ಹಾಗೇ, ಯಾರಿಗೆ ಬೇಕಾದರೂ ಹೊಂದುತ್ತದೆ. ಮಗನನ್ನು ಕಳೆದುಕೊಂಡ ಒಬ್ಬ ತಾಯಿಗೆ "ಅವನು ನೆಮ್ಮದಿಯಾಗಿದ್ದಾನೆ" ಅನ್ನುತ್ತಾಳೆ. ಆ ಹೆಂಗಸು ಎಷ್ಟೋ ದಿನದ ಮೇಲೆ ನಿದ್ದೆ ಮಾಡುತ್ತಾಳೆ. ಹತ್ತನೇ ಸಲ ಪದ್ಮಕ್ಕನಿಗೆ ನಿಜವಾದ ದನಿ ಕೇಳಿಸುತ್ತದೆ. ಅದು ಹೇಳುವುದು ಯಾವ ತಾಯಿಯೂ ಕೇಳಲಾರದ ಮಾತು. ಅವಳು ಅದನ್ನು ನುಂಗಿಕೊಂಡು ಮತ್ತೆ ಅದೇ ಹಳೇ ಸುಳ್ಳು ಹೇಳುತ್ತಾಳೆ. ಅವಳು ಮೋಸಗಾತಿಯೋ ಅಲ್ಲವೋ ಅಂತ ನಾನು ಕಾದಂಬರಿಯಲ್ಲಿ ಎಲ್ಲೂ ಹೇಳಿಲ್ಲ.

ಸಂಭಾಷಣೆ ತಿದ್ದುವಾಗ ಉಪಯೋಗಕ್ಕೆ ಬಂದದ್ದು ಅಪರಾಧಶಾಸ್ತ್ರದ ಒಂದು ಲೇಖನ. 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ, ತಪ್ಪು ಮಾಡುವವರು ತಮಗೆ ತಾವೇ ಹೇಳಿಕೊಳ್ಳುವ ಐದು ಬಗೆಯ ಸಮಾಧಾನ ಗುರುತಿಸಿದ್ದಾರೆ. ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ: ನಾನೇನು ಮಾಡಲಿ, ಹಾಗಾಗಿ ಹೋಯಿತು. ಯಾರಿಗೇನು ನಷ್ಟ ಆಯಿತು? ಅವನಿಗೆ ಹಾಗೇ ಆಗಬೇಕಿತ್ತು. ಹೇಳೋಕೆ ನೀವೇನು ಸಾಚಾನಾ? ನಮ್ಮವರಿಗೋಸ್ಕರ ಮಾಡಿದೆ. ನಾನು ಪಾತ್ರಕ್ಕೊಂದು ಹಂಚಿದೆ. ಎರಡನೆಯದು ರಘುವಿಗೆ, ಕೊನೆಯದು ಪದ್ಮಕ್ಕನಿಗೆ. ಕಥೆ ಮುಂದೆ ಹೋದಂತೆ ರಘುವಿನ ಸಮಾಧಾನ ಬದಲಾಗುತ್ತದೆ. ವಾಚ್‌ಮನ್ ಒಳಗೆ ಹೋದ ಮೇಲೆ "ಯಾರಿಗೇನು ನಷ್ಟ" ಅನ್ನುವ ಹಾಗಿಲ್ಲ, ಆಗ "ಹಾಗಾಗಿ ಹೋಯಿತು" ಶುರುವಾಗುತ್ತದೆ. ಒಬ್ಬ ಮನುಷ್ಯ ಜಾರುವುದನ್ನು ತೋರಿಸಲು ಅವನ ನೆಪ ಬದಲಾಗುವುದು ಸಾಕು ಅಂತ ಆಗ ಗೊತ್ತಾಯಿತು.

ಕೊಲೆಗಾರನ ವಿಷಯದಲ್ಲಿ ನಾನು ಪೂರ್ತಿ ಗೆಲ್ಲಲಿಲ್ಲ. ನಾಯಿಯನ್ನು ಕಿತ್ತು ಹಾಕಿದೆ. ಅವನ ಬಾಲ್ಯದ ಅಧ್ಯಾಯ ನಾಲ್ಕನೆಯದಾಗಿತ್ತು, ಅದನ್ನು ಹತ್ತೊಂಬತ್ತಕ್ಕೆ ಸರಿಸಿದೆ. ನೋವನ್ನು ಮೊದಲು ತೋರಿಸಿದರೆ ಓದುವವರು ಮುಂಗಡವಾಗಿ ಕ್ಷಮಿಸಿಬಿಡುತ್ತಾರೆ. ಕೆಲಸ ಮೊದಲು ನೋಡಿ, ಕಾರಣ ಆಮೇಲೆ ತಿಳಿದರೆ ತಡಬಡಾಯಿಸುತ್ತಾರೆ. ಅಷ್ಟು ಸುಧಾರಿಸಿತು, ಅದಕ್ಕಿಂತ ಜಾಸ್ತಿ ಇಲ್ಲ.

ಮೂರನೇ ಕರಡನ್ನು ಐದು ಜನಕ್ಕೆ ಓದಲು ಕೊಟ್ಟೆ. ನಾಲ್ಕು ಜನ ರಘು ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳ ಆಡಿದರು, ನಾನು ಒಳಗೊಳಗೇ ಖುಷಿಪಟ್ಟೆ. ಐದನೆಯವಳು ಅದೇ ಹಳೇ ಗೆಳತಿ. ಜಗಳ ಮುಗಿಯುವವರೆಗೆ ಸುಮ್ಮನಿದ್ದು ಕೇಳಿದಳು: "ಆ ವಾಚ್‌ಮನ್ ಏನಾದ?"

ನನಗೆ ಉತ್ತರ ಇರಲಿಲ್ಲ. ಹನ್ನೊಂದು ದಿನ ಆದಮೇಲೆ ಬಿಟ್ಟರು ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆಮೇಲೆ ಇನ್ನೂರು ಪುಟ ಅವನ ನೆನಪೇ ಬಂದಿರಲಿಲ್ಲ. ಅವನಿಗೊಂದು ಹೆಸರೂ ಇಟ್ಟಿರಲಿಲ್ಲ.

ಆ ರಾತ್ರಿಯೇ ಎರಡು ಪುಟ ಬರೆದೆ. ಈಗ ಕಾದಂಬರಿ ಮುಗಿಯುವುದು ಅಲ್ಲೇ. ಕೇಸು ಮುಗಿದಿದೆ, ಸುಮಾ ಹೊರಟುಹೋಗಿದ್ದಾಳೆ, ರಘುವಿಗೆ ಬಡ್ತಿ ಸಿಕ್ಕಿದೆ. ಚಂದ್ರಪ್ಪ ಠಾಣೆಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾನೆ. ಕೂತ್ಕೊ ಅಂದರೂ ಕೂರುವುದಿಲ್ಲ.

"ನನ್ನ ಟಾರ್ಚು ಸಾರ್. ಅವತ್ತು ಮಹಜರಲ್ಲಿ ತಗೊಂಡಿದ್ರಿ. ಬೇರೆ ಕಡೆ ಕೆಲಸ ಸಿಕ್ಕಿದೆ, ರಾತ್ರಿ ಪಾಳಿ."

ರಘು ಕಡತ ತಿರುವಿ ನೋಡುತ್ತಾನೆ.

"ಕೋರ್ಟಲ್ಲಿದೆ. ತಡ ಆಗುತ್ತೆ."